ತಿಥಿಗೆ ಕ್ಷಯವುಂಟು, ವ್ರತಕ್ಕೆ ಕ್ಷಯವಿಲ್ಲ

ಬೆಳೆ ನಿಂತಿರುವ ಹೊಲಕ್ಕೆ ರೈತನು ಬೇಲಿ ಕಟ್ಟುತ್ತಾನೆ. ನಾಲ್ಕೂ ಕಡೆ ಬೇಲಿ ಗಟ್ಟಿಯಾಗಿದ್ದು ಒಂದು ಕಡೆ ಮಾತ್ರ ಕಂಡಿ ಬಿದ್ದಿದ್ದರೂ ದನವು ಆ ಕಂಡಿಯನ್ನೇ ಹುಡುಕಿಕೊಂಡು ಬರುತ್ತದೆ. ಮನಸ್ಸಿನ ಸ್ವಭಾವವೂ ಹೀಗೆಯೇ. ಜಿನಬಿಂಬದ ಮುಂದೆ ನಿಂತು, ಗುರುಸಾಕ್ಷಿಯಾಗಿ ಕೈಕೊಂಡ ವ್ರತವು ಆತ್ಮಗುಣಗಳೆಂಬ ಬೆಳೆಗೆ ಕಟ್ಟಿದ ಬೇಲಿ. ಅದನ್ನು ಎದುರಿನಿಂದ ಮುರಿಯಲು ಮನಸ್ಸು ನಾಚುತ್ತದೆ. ಆದರೆ ಪಂಚಾಂಗದಲ್ಲಿ ತಿಥಿಯು ಸಂದಿಗ್ಧವಾಗಿ ಬಂದ ದಿನ ಅದಕ್ಕೊಂದು ಕಂಡಿ ಕಾಣುತ್ತದೆ. "ಚತುರ್ದಶಿಯೇ ಇಲ್ಲದ ಮೇಲೆ ಉಪವಾಸವೆಲ್ಲಿಯದು?" ಎಂದೋ, "ಎರಡು ಅಷ್ಟಮಿ ಬಂದಿವೆ, ನಾಳೆ ನೋಡಿದರಾಯಿತು" ಎಂದೋ ಒಳಗಿನಿಂದ ಒಂದು ದನಿ ಏಳುತ್ತದೆ. ಆ ದನಿ ಪಂಚಾಂಗದ್ದಲ್ಲ, ಹಸಿವಿನದು.

ಒಬ್ಬ ವೃದ್ಧ ಶ್ರಾವಿಕೆಯ ದೃಷ್ಟಾಂತವನ್ನು ಇಲ್ಲಿ ಭಾವಿಸಬಹುದು. ಮದುವೆಯಾಗಿ ಬಂದ ಮರುವರ್ಷವೇ ಅಷ್ಟಮಿ-ಚತುರ್ದಶಿಗಳ ಉಪವಾಸವನ್ನು ಕೈಕೊಂಡು, ಮಕ್ಕಳು ಮೊಮ್ಮಕ್ಕಳನ್ನು ಕಂಡ ಮೇಲೂ ಬಿಡದೆ ನಡೆಸಿಕೊಂಡು ಬಂದವಳು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಆ ದಿನ ತ್ರಯೋದಶಿ ಎಂದಿತ್ತು. ನಾಳೆ ಚತುರ್ದಶಿಯಾದ್ದರಿಂದ ಇಂದು ಧಾರಣೆಯ ಏಕಭುಕ್ತಿ ಎಂದುಕೊಂಡು ಮಧ್ಯಾಹ್ನ ಎಲೆಯ ಮುಂದೆ ಕುಳಿತಳು. ಅನ್ನ, ತೊವ್ವೆ, ಬಾಳೆಕಾಯಿ ಪಲ್ಯ ಬಡಿಸಿಯಾಗಿತ್ತು. ಅಷ್ಟರಲ್ಲಿ ನೆರೆಮನೆಯಾಕೆ ಬಸದಿಯಿಂದ ಗಂಧೋದಕ ತಂದವಳು, "ಇಂದು ಚತುರ್ದಶಿಯ ಅಭಿಷೇಕಕ್ಕೆ ನೀವೇಕೆ ಬರಲಿಲ್ಲ?" ಎಂದು ಕೇಳಿದಳು. ಪಂಚಾಂಗ ತೆಗೆದು ನೋಡಿದರೆ ಮಾತು ನಿಜ. ಸೂರ್ಯೋದಯದ ಹೊತ್ತಿಗೆ ಇದ್ದ ತ್ರಯೋದಶಿ ಎರಡು ಘಳಿಗೆಗೇ ಮುಗಿದು, ಚತುರ್ದಶಿ ಆರಂಭವಾಗಿ, ಮರುದಿನದ ಸೂರ್ಯೋದಯಕ್ಕೆ ಮೊದಲೇ ಅದೂ ಮುಗಿಯುವಂತಿತ್ತು. ಮರುದಿನದ ಅಂಕಣದಲ್ಲಿ ನೇರವಾಗಿ ಹುಣ್ಣಿಮೆ. ಚತುರ್ದಶಿ ಆ ಪಕ್ಷದಲ್ಲಿ ಕ್ಷಯತಿಥಿ.

ಮಗನಿಗೆ ತಾಯಿಯ ಮೇಲಣ ಕನಿಕರ. "ಅಮ್ಮಾ, ನಿಮಗೆ ತಿಳಿದಿರಲಿಲ್ಲ. ಎಲೆಯ ಮುಂದೆ ಕುಳಿತಾಗಿದೆ. ಊಟ ಮಾಡಿ, ನಾಳೆ ಉಪವಾಸ ಮಾಡಿದರಾಯಿತು. ಕ್ಯಾಲೆಂಡರಿನಲ್ಲಿ ಚತುರ್ದಶಿಯೇ ಇಲ್ಲವಲ್ಲ" ಎಂದನು. ಸೊಸೆಯೂ, "ಅತ್ತೇ, ನಿನ್ನೆ ಧಾರಣೆಯೂ ಆಗಿಲ್ಲ" ಎಂದು ದನಿಗೂಡಿಸಿದಳು. ಆ ತಾಯಿ ಎಲೆಯನ್ನು ಮೆಲ್ಲನೆ ಮುಂದಕ್ಕೆ ಸರಿಸಿ, "ಕ್ಯಾಲೆಂಡರಿಗೆ ಕಾಣದಿದ್ದರೆ ನನಗೂ ಕಾಣಬಾರದೇ ಮಗಾ? ತಿಳಿಯುವ ಮುನ್ನ ಉಂಡಿದ್ದರೆ ಅದು ಮರೆವು, ತಿಳಿದ ಮೇಲೆ ಉಂಡರೆ ಅದಕ್ಕೆ ಬೇರೆ ಹೆಸರು" ಎಂದು ಹೇಳಿ ಎದ್ದು ಕೈತೊಳೆದಳು.

ಈ ಸಣ್ಣ ಘಟನೆಯಲ್ಲಿ ವ್ರತಿಕರೆಲ್ಲರೂ ತಿಳಿಯಬೇಕಾದ ಧರ್ಮಸೂಕ್ಷ್ಮ ಅಡಗಿದೆ. ಅದನ್ನು ಬಿಡಿಸಿ ನೋಡುವುದಕ್ಕೆ ಮೊದಲು ಕಾಲದ ಗಣನೆ ಏಕೆ ಹೀಗೆ ತೊಡಕಾಗುತ್ತದೆ ಎಂಬುದನ್ನು ತಿಳಿಯುವುದು ಯುಕ್ತ.

ಕಾಲವಿಭಾಗದ ಕ್ರಮ

ಜಿನಾಗಮದಲ್ಲಿ ಕಾಲವು ಎರಡು ಬಗೆಯಾಗಿ ನಿರೂಪಿತವಾಗಿದೆ. ದ್ರವ್ಯಗಳ ಪರಿಣಮನಕ್ಕೆ ನಿಮಿತ್ತವಾದುದು ನಿಶ್ಚಯಕಾಲ. ಅದಕ್ಕೆ ತಿಥಿಯಿಲ್ಲ, ವಾರವಿಲ್ಲ. ಸಮಯ, ಆವಲಿ, ಮುಹೂರ್ತ, ದಿನ, ಮಾಸ, ಸಂವತ್ಸರ ಎಂಬಿವು ವ್ಯವಹಾರಕಾಲ. ಮನುಷ್ಯಲೋಕದಲ್ಲಿ ಸಂಚರಿಸುವ ಸೂರ್ಯಚಂದ್ರಾದಿ ಜ್ಯೋತಿಷ್ಕರ ಗತಿಯಿಂದಲೇ ಈ ವಿಭಾಗವಾಗುತ್ತದೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಸೂರ್ಯನದೊಂದು ಗತಿ, ಚಂದ್ರನದೊಂದು ಗತಿ. ಇವೆರಡೂ ಒಂದಕ್ಕೊಂದು ಸರಿಹೊಂದುವುದಿಲ್ಲವಾದ್ದರಿಂದ ಎಲ್ಲ ಪಂಚಾಂಗಗಳಲ್ಲಿಯೂ ಎಲ್ಲಿಯಾದರೊಂದು ಕಡೆ ಕೂಡುವುದು ಕಳೆಯುವುದು ಅನಿವಾರ್ಯ.

ಚಂದ್ರನು ಸೂರ್ಯನಿಂದ 12 ಅಂಶ ದೂರ ಸರಿಯಲು ಹಿಡಿಯುವ ಅವಧಿಯೇ ಒಂದು ತಿಥಿ. ಚಂದ್ರಗತಿ ಎಲ್ಲ ಕಾಲದಲ್ಲಿ ಸಮವಾಗಿಲ್ಲದ ಕಾರಣ ತಿಥಿಯು ಒಮ್ಮೆ ಸುಮಾರು 20 ಗಂಟೆಯಷ್ಟು ಕಿರಿದಾಗಿರುತ್ತದೆ, ಒಮ್ಮೆ 26 ಗಂಟೆಯನ್ನು ಮೀರುತ್ತದೆ. ದಿನವಾದರೋ ಸೂರ್ಯೋದಯದಿಂದ ಸೂರ್ಯೋದಯಕ್ಕೆ 60 ಘಳಿಗೆ, ಎಂದರೆ 24 ಗಂಟೆ. ಯಾವ ಸೂರ್ಯೋದಯವನ್ನೂ ಮುಟ್ಟದೆ ಮುಗಿದುಹೋಗುವ ತಿಥಿ ಕ್ಷಯತಿಥಿ. ಎರಡು ಸೂರ್ಯೋದಯಗಳನ್ನು ಮುಟ್ಟುವ ತಿಥಿ ವೃದ್ಧಿತಿಥಿ. ಕ್ಷಯವೆಂದರೆ ಆ ತಿಥಿ ಇರಲಿಲ್ಲವೆಂದು ಅರ್ಥವಲ್ಲ. ಮನೆಗೆ ಬಂದ ಅತಿಥಿ ಬಾಗಿಲಲ್ಲಿ ಹೆಸರು ಬರೆಸದೆ ಒಳಗೆ ಬಂದು ಹೋದಂತೆ ಅದು ಬಂದು ಹೋಗಿರುತ್ತದೆ.

ಮಾಸಗಳ ಲೆಕ್ಕವೂ ಇಂಥದೇ. ಚಾಮುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ತ್ರಿಲೋಕಸಾರದಲ್ಲಿ ಈ ಅಂತರವನ್ನು ಸಂಗ್ರಹವಾಗಿ ಹೇಳಿದ್ದಾರೆ. ಒಂದು ಮಾಸಕ್ಕೆ ಒಂದು ದಿನ, ಒಂದು ವರ್ಷಕ್ಕೆ 12 ದಿನ, ಎರಡೂವರೆ ವರ್ಷಕ್ಕೆ ಒಂದು ಅಧಿಕಮಾಸ, ಐದು ವರ್ಷದ ಒಂದು ಯುಗಕ್ಕೆ ಎರಡು ಅಧಿಕಮಾಸ. ಇಂದಿನ ಸೂಕ್ಷ್ಮಗಣಿತದ ಪಂಚಾಂಗಗಳಲ್ಲಿ 19 ವರ್ಷಗಳಿಗೆ 7 ಅಧಿಕಮಾಸಗಳು ಬರುತ್ತವೆ. 2012ರಲ್ಲಿ ಭಾದ್ರಪದ, 2020ರಲ್ಲಿ ಆಶ್ವಯುಜ, 2023ರಲ್ಲಿ ಶ್ರಾವಣ ಅಧಿಕವಾಗಿ ಬಂದವು. 2020 ಮತ್ತು 2023ರಲ್ಲಿ ಮುನಿಸಂಘಗಳ ಚಾತುರ್ಮಾಸ್ಯವು ಐದು ತಿಂಗಳಾಯಿತು. ಅಧಿಕಮಾಸದಲ್ಲಿ ವಾರ್ಷಿಕ ನೋಂಪಿಗಳನ್ನಾಗಲಿ ಉದ್ಯಾಪನೆಗಳನ್ನಾಗಲಿ ಇಟ್ಟುಕೊಳ್ಳದೆ ನಿಜಮಾಸದಲ್ಲಿ ಆಚರಿಸುವುದು ರೂಢಿ. ಆದರೆ ಪಕ್ಷಪಕ್ಷಕ್ಕೂ ಬರುವ ಅಷ್ಟಮಿ-ಚತುರ್ದಶಿಗಳ ನಿಯಮಕ್ಕೆ ಆ ತಿಂಗಳಲ್ಲಿಯೂ ವಿರಾಮವಿಲ್ಲ. ತಿಂಗಳು ಅಧಿಕವಾದರೆ ಕರ್ಮಾಸ್ರವವೇನೂ ರಜೆ ತೆಗೆದುಕೊಳ್ಳುವುದಿಲ್ಲವಷ್ಟೆ.

ಆರು ಘಳಿಗೆಯ ನಿಯಮ

ಇಂಥ ಸಂದೇಹಗಳನ್ನು ಪೂರ್ವಾಚಾರ್ಯರು ಶ್ರಾವಕನ ಇಷ್ಟಕ್ಕೆ ಬಿಟ್ಟಿಲ್ಲ. ದಿಗಂಬರ ಸಂಪ್ರದಾಯದಲ್ಲಿ ವ್ರತತಿಥಿಯ ನಿರ್ಣಯಕ್ಕೆ ಆರು ಘಳಿಗೆಯ ಪ್ರಮಾಣವಿದೆ. ಸೂರ್ಯೋದಯದ ನಂತರ ಕಡಿಮೆಯೆಂದರೆ ಆರು ಘಳಿಗೆ, ಎಂದರೆ 2 ಗಂಟೆ 24 ನಿಮಿಷ, ಯಾವ ತಿಥಿ ಇರುವುದೋ ಆ ದಿನವೇ ಆ ತಿಥಿಯ ವ್ರತ. ಅಷ್ಟಿಲ್ಲದಿದ್ದರೆ ಹಿಂದಿನ ದಿನವೇ ವ್ರತದ ದಿನ. ತಿಥಿಯು ಪೂರ್ಣವಾಗಿ ಕ್ಷಯವಾದಾಗಲೂ ಅದು ವ್ಯಾಪಿಸಿದ್ದ ಹಿಂದಿನ ದಿನವೇ ಗ್ರಾಹ್ಯ. ಆ ವೃದ್ಧಮಾತೆ ತ್ರಯೋದಶಿಯೆಂದು ಬರೆದಿದ್ದ ದಿನವೇ ಉಪವಾಸ ಮಾಡಿದ್ದು ಈ ನಿಯಮಕ್ಕೆ ಅನುಗುಣವಾಗಿಯೇ ಇತ್ತು. ತಿಥಿ ವೃದ್ಧಿಯಾದಾಗ ಮೊದಲ ದಿನವೇ ಉಪವಾಸ. ಎರಡನೆಯ ದಿನವೂ ಆ ತಿಥಿ ಆರು ಘಳಿಗೆಯನ್ನು ಮೀರಿದ್ದರೆ ಪಾರಣೆಗೆ ಅವಸರಪಡದೆ ಅಂದೂ ಸಂಯಮದಿಂದಿರುವ ಕ್ರಮವುಂಟು.

ದಶಲಕ್ಷಣ ಪರ್ವದಲ್ಲಿ ಈ ನ್ಯಾಯವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ಹತ್ತು ತಿಥಿಗಳು, ಹತ್ತು ಧರ್ಮಗಳು. ನಡುವೆ ಒಂದು ತಿಥಿ ಕ್ಷಯವಾದರೆ ಪರ್ವವನ್ನು ಒಂಬತ್ತು ದಿನಕ್ಕೆ ಇಳಿಸುವುದಿಲ್ಲ. ಚತುರ್ಥಿಯಿಂದಲೇ ಆರಂಭಿಸಿ ಹತ್ತು ದಿನಗಳನ್ನು ತುಂಬಿಸುತ್ತಾರೆ. ತಿಥಿ ವೃದ್ಧಿಯಾದರೆ ಹನ್ನೊಂದು ದಿನ ನಡೆಸುತ್ತಾರೆ. ಅಷ್ಟಾಹ್ನಿಕದಲ್ಲಿಯೂ ಹಾಗೆಯೇ, ಕ್ಷಯ ಬಂದರೆ ಸಪ್ತಮಿಯಿಂದ ಪ್ರಾರಂಭ. ವ್ರತವು ಹಿಂದಕ್ಕೆ ಸರಿಯಬಹುದು, ಹಿಗ್ಗಬಹುದು, ಕುಗ್ಗುವಂತಿಲ್ಲ. ಆಚಾರ್ಯರು ಹಾಕಿಕೊಟ್ಟ ಈ ದಾರಿಯನ್ನು ತಿಳಿದವನಿಗೆ ಪಂಚಾಂಗದ ಬೇರೆ ತೊಡಕುಗಳಲ್ಲಿಯೂ ಕೈದೀಪ ದೊರೆತಂತಾಗುತ್ತದೆ.

ಯಮಪಾಲನ ಚತುರ್ದಶಿ

ಒಂದು ತಿಥಿಯ ನಿಯಮಕ್ಕೆ ಎಷ್ಟು ಬೆಲೆಯುಂಟೆಂಬುದಕ್ಕೆ ಯಮಪಾಲನ ಕಥೆಗಿಂತ ಬೇರೆ ಸಾಕ್ಷಿ ಬೇಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತಕ್ಕೆ ಉದಾಹರಣೆಯಾಗಿ ಮಾತಂಗನನ್ನು ಹೆಸರಿಸಿದ್ದಾರೆ. ಪ್ರಭಾಚಂದ್ರರ ಟೀಕೆಯಲ್ಲಿ ಆತನ ಕಥೆ ಬರುತ್ತದೆ.

ಅಷ್ಟಾಹ್ನಿಕ ಪರ್ವದ ಎಂಟು ದಿನ ಪ್ರಾಣಿವಧೆ ಕೂಡದೆಂದು ಮಹಾಬಲ ರಾಜನು ತನ್ನ ನಗರದಲ್ಲಿ ಸಾರಿಸಿದ್ದನು. ರಾಜನ ಮಗನೇ ಗುಟ್ಟಾಗಿ ಟಗರನ್ನು ಕೊಂದು ತಿಂದನು. ಸಂಗತಿ ಬಯಲಾಗಲು ರಾಜನು ಮಗನೆಂದು ನೋಡದೆ ಮರಣದಂಡನೆಯನ್ನು ವಿಧಿಸಿ, ವಧಕಾರ್ಯಕ್ಕೆ ನಿಯಮಿತನಾಗಿದ್ದ ಯಮಪಾಲನನ್ನು ಕರೆಕಳುಹಿದನು. ಅಂದು ಚತುರ್ದಶಿ. ಹಿಂದೊಮ್ಮೆ ಹಾವು ಕಡಿದು ಸತ್ತನೆಂದು ಸ್ಮಶಾನದಲ್ಲಿ ಬಿಸುಟಿದ್ದ ಯಮಪಾಲನು ಸರ್ವೌಷಧಿ ಋದ್ಧಿಯುಳ್ಳ ಮುನಿಗಳ ಮೈಗಾಳಿ ಸೋಕಿ ಬದುಕಿಕೊಂಡಿದ್ದನು. ಆ ಮುನಿಗಳ ಸನ್ನಿಧಿಯಲ್ಲಿ, ಚತುರ್ದಶಿಯಂದು ಯಾವ ಜೀವವನ್ನೂ ಕೊಲ್ಲೆನೆಂದು ವ್ರತ ತೊಟ್ಟಿದ್ದನು. ತನ್ನ ಕಸುಬನ್ನು ಪೂರ್ಣವಾಗಿ ಬಿಡಲಾರದ ಸ್ಥಿತಿಯಲ್ಲಿದ್ದವನಿಗೆ ಸಾಧ್ಯವಾದದ್ದು ಅದೊಂದು ದಿನ ಮಾತ್ರ.

ಭಟರು ಬರುವುದನ್ನು ಕಂಡು ಅವನು ಒಳಗೆ ಅಡಗಿದನು. ರಾಜಕುಮಾರನ ಮೈಮೇಲಣ ಒಡವೆಗಳ ಆಸೆಯಿಂದ ಹೆಂಡತಿಯು ಕೈಸನ್ನೆ ಮಾಡಿ ತೋರಿಸಿಕೊಟ್ಟಳು. ರಾಜಸಭೆಗೆ ಎಳೆದೊಯ್ದಾಗ ಅವನು, ಇಂದು ಚತುರ್ದಶಿಯಾದ್ದರಿಂದ ಕೊಲ್ಲಲಾರೆನೆಂದು ಸ್ಪಷ್ಟವಾಗಿ ಹೇಳಿದನು. ರಾಜನು ಕೆರಳಿ ಇಬ್ಬರನ್ನೂ ಕಟ್ಟಿ ಮೊಸಳೆಗಳಿರುವ ಮಡುವಿಗೆ ಎಸೆಯಿಸಿದನು. ವ್ರತಮಹಿಮೆಯಿಂದ ಜಲದೇವತೆಯು ಯಮಪಾಲನನ್ನು ರಕ್ಷಿಸಿ ಆದರಿಸಿತು. ರಾಜನೂ ನಾಚಿ ಅವನನ್ನು ಸತ್ಕರಿಸಿದನು.

ಯಮಪಾಲನು ಆ ಹೊತ್ತಿನಲ್ಲಿ ಹೇಳದೆ ಬಿಟ್ಟ ಮಾತುಗಳನ್ನು ವಿವೇಕಿಗಳು ಗಮನಿಸಬೇಕು. ಚತುರ್ದಶಿ ಎಷ್ಟು ಘಳಿಗೆಗೆ ಮುಗಿಯುವುದೆಂದು ಅವನು ಕೇಳಲಿಲ್ಲ. ತಿಥಿ ಕಳೆಯುವ ತನಕ ತಡೆದು ಆಮೇಲೆ ಕೊಲ್ಲುವೆನೆಂದು ಒಪ್ಪಂದ ಮಾಡಿಕೊಳ್ಳಲಿಲ್ಲ. ರಾಜಾಜ್ಞೆಯ ಮುಂದೆ ತನ್ನ ಸಣ್ಣ ನಿಯಮ ಎಷ್ಟರದೆಂದು ಹಿಂಜರಿಯಲಿಲ್ಲ. ತಿಥಿಯು ಅವನ ಪಾಲಿಗೆ ಪಂಚಾಂಗದ ಒಂದು ಅಂಕಿಯಾಗಿರದೆ ಗುರುವಿಗೆ ಕೊಟ್ಟ ಮಾತಾಗಿತ್ತು. ಓದುಬರಹದ ಸೌಕರ್ಯ, ಮನೆಯ ತುಂಬ ಪಂಚಾಂಗ, ಹತ್ತಿರದಲ್ಲೇ ಬಸದಿ ಇರುವ ಇಂದಿನ ಗೃಹಸ್ಥನು ಈ ಕಥೆಯನ್ನು ಪರ್ವಕಾಲದಲ್ಲಿ ಕೇಳಿ ತಲೆದೂಗಿ ಎದ್ದುಹೋದರೆ ಸಾಲದು.

ಮಾಸದ ಹೆಸರಿನಲ್ಲಿ ಬರುವ ಭ್ರಾಂತಿ

ವ್ರತಗಳನ್ನು ಕುರಿತ ಹಿಂದೀ ಪುಸ್ತಕಗಳು ಕರ್ನಾಟಕದ ಮನೆಗಳಿಗೂ ಬಂದಿವೆ. ಅವುಗಳನ್ನು ಓದುವಾಗ ಒಂದು ಎಚ್ಚರ ಬೇಕು. ಉತ್ತರದಲ್ಲಿ ಮಾಸವು ಹುಣ್ಣಿಮೆಗೆ ಮುಗಿಯುತ್ತದೆ, ಕರ್ನಾಟಕದಲ್ಲಿ ಅಮಾವಾಸ್ಯೆಗೆ ಮುಗಿಯುತ್ತದೆ. ಶುಕ್ಲಪಕ್ಷದಲ್ಲಿ ಎರಡೂ ಕಡೆ ಮಾಸದ ಹೆಸರು ಒಂದೇ. ಕೃಷ್ಣಪಕ್ಷದಲ್ಲಿ ಮಾತ್ರ ಉತ್ತರದವರ ಮಾಸ ಒಂದು ಮುಂದೆ ಇರುತ್ತದೆ. ಭಗವಾನ್ ಮಹಾವೀರರ ನಿರ್ವಾಣವು ಉತ್ತರದ ಲೆಕ್ಕದಲ್ಲಿ ಕಾರ್ತಿಕ ಕೃಷ್ಣಪಕ್ಷದ ಕೊನೆಯಲ್ಲಿ. ಅದೇ ದಿನ ಕನ್ನಡನಾಡಿನಲ್ಲಿ ಆಶ್ವಯುಜ ಬಹುಳ. ಪುಸ್ತಕದಲ್ಲಿ ಕಾರ್ತಿಕ ಎಂದಿದೆಯೆಂದು ಕರ್ನಾಟಕದ ಕಾರ್ತಿಕ ಬಹುಳದವರೆಗೆ ಕಾದು ಕುಳಿತವನು ನಿರ್ವಾಣಲಾಡನ್ನು ಒಂದು ತಿಂಗಳು ತಡವಾಗಿ ಅರ್ಪಿಸಿದಂತಾಗುತ್ತದೆ.

ಈ ಹೊಂದಾಣಿಕೆ ಸರಿಯೆಂಬುದಕ್ಕೆ ಆಗಮದಲ್ಲಿಯೇ ಒಂದು ತಾಳೆಯಿದೆ. ಮಹಾವೀರರಿಗೆ ವೈಶಾಖ ಶುಕ್ಲ ದಶಮಿಯಂದು ಕೇವಲಜ್ಞಾನವಾಯಿತು. ಗಣಧರರಿಲ್ಲದ ಕಾರಣ 66 ದಿನ ದಿವ್ಯಧ್ವನಿ ಹೊರಡಲಿಲ್ಲ. ಬಳಿಕ ರಾಜಗೃಹದ ವಿಪುಲಾಚಲದಲ್ಲಿ ಶ್ರಾವಣ ಕೃಷ್ಣ ಪ್ರತಿಪದೆಯಂದು ಅದು ಹೊರಹೊಮ್ಮಿತು. ಅದೇ ವೀರಶಾಸನ ಜಯಂತಿ. ವೈಶಾಖ ಶುಕ್ಲ ದಶಮಿಯಿಂದ ಆಷಾಢ ಶುಕ್ಲ ದಶಮಿಗೆ 60 ತಿಥಿ. ಅಲ್ಲಿಂದ ಹುಣ್ಣಿಮೆ ಕಳೆದು ಮರುದಿನದ ಪಾಡ್ಯಕ್ಕೆ ಇನ್ನಾರು. 66 ಸರಿಹೋಯಿತು. ಎಂದರೆ ಆ ದಿನ ಕರ್ನಾಟಕದ ಪಂಚಾಂಗದಲ್ಲಿ ಆಷಾಢ ಬಹುಳ ಪಾಡ್ಯ. ಇಲ್ಲಿಯ ಶ್ರಾವಣ ಬಹುಳವನ್ನು ಹಿಡಿದರೆ ಲೆಕ್ಕ 96 ಆಗಿ ಆಗಮಕ್ಕೆ ವಿರೋಧ ಬರುತ್ತದೆ. ಷೋಡಶಕಾರಣ ವ್ರತದ ಆರಂಭವೂ ಹೀಗೆಯೇ ಉತ್ತರದ ಭಾದ್ರಪದ ಕೃಷ್ಣ ಪಾಡ್ಯ, ಇಲ್ಲಿಯ ಶ್ರಾವಣ ಬಹುಳ ಪಾಡ್ಯ.

ಮಹಾಪುರುಷರ ಕಾಲನಿರ್ಣಯದಲ್ಲಿಯೇ ಸಂದೇಹಗಳು ಉಳಿದಿರುವುದುಂಟು. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪ್ರತಿಷ್ಠೆಯು ಕಲ್ಕಿವರ್ಷ 600, ವಿಭವ ಸಂವತ್ಸರ, ಚೈತ್ರ ಶುಕ್ಲ ಪಂಚಮಿ, ಭಾನುವಾರ ನಡೆಯಿತೆಂದು ಬಾಹುಬಲಿ ಚರಿತವೆಂಬ ಸಂಸ್ಕೃತ ಕೃತಿ ಹೇಳುತ್ತದೆ. ಇದು ಕ್ರಿಸ್ತಶಕದ ಯಾವ ವರ್ಷವೆಂಬುದರಲ್ಲಿ ವಿದ್ವಾಂಸರಿಗೆ ಮತಭೇದವಿದೆ. ಸಮಾಜವು 981ನ್ನು ಅಂಗೀಕರಿಸಿ 1981ರಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕವನ್ನು ನೆರವೇರಿಸಿತು. ಹನ್ನೆರಡು ವರ್ಷಕ್ಕೊಮ್ಮೆ ಎನ್ನುವುದು ವಾಡಿಕೆಯ ಮಾತಾದರೂ 1967, 1981, 1993, 2006, 2018 ಎಂಬ ವರ್ಷಗಳ ನಡುವಣ ಅಂತರ 14, 12, 13, 12. ಉತ್ಸವವನ್ನು ಸಮಾಜವೆಲ್ಲ ಕೂಡಿ ಅನುಕೂಲ ನೋಡಿ ಗೊತ್ತುಮಾಡಬಹುದು, ಅದರಲ್ಲಿ ದೋಷವಿಲ್ಲ. ವ್ರತದ ಮಾತು ಬೇರೆ. ಅದು ಒಬ್ಬ ಆತ್ಮನ ಪ್ರತಿಜ್ಞೆ. ಅಲ್ಲಿ ಅನುಕೂಲವೇ ಶತ್ರು.

ಇಂಗ್ಲಿಷ್ ತಾರೀಖು ಮತ್ತು ಫೆಬ್ರವರಿ 29

ಈ ಕಾಲದ ಗೃಹಸ್ಥರಲ್ಲಿ ಹುಟ್ಟಿದ ದಿನ, ಮದುವೆಯ ದಿನ, ಹಿರಿಯರು ದೇಹ ಬಿಟ್ಟ ದಿನ ಎಲ್ಲವೂ ಇಂಗ್ಲಿಷ್ ತಾರೀಖಿನಲ್ಲಿ ನೆನಪಿನಲ್ಲಿರುತ್ತವೆ. ಆ ದಿನಗಳಲ್ಲಿ ಏಕಭುಕ್ತಿ, ರಸತ್ಯಾಗ, ದಾನ ಮೊದಲಾದ ನಿಯಮಗಳನ್ನು ಇಟ್ಟುಕೊಳ್ಳುವವರೂ ಇದ್ದಾರೆ. ಅದು ಸ್ತುತ್ಯವೇ. ಆದರೆ ಆ ಪದ್ಧತಿಯಲ್ಲಿಯೂ ತೊಡಕುಗಳುಂಟು. ತಾರೀಖು ಮಧ್ಯರಾತ್ರಿಗೆ ಬದಲಾಗುತ್ತದೆ. ವ್ರತದ ದಿನ ಸೂರ್ಯೋದಯಕ್ಕೆ ಬದಲಾಗುತ್ತದೆ. ರಾತ್ರಿ ಎರಡು ಗಂಟೆಗೆ ನಡೆದ ಘಟನೆಯನ್ನು ಆಸ್ಪತ್ರೆಯ ಚೀಟಿ ಮರುದಿನಕ್ಕೆ ಬರೆದಿರುತ್ತದೆ, ಮನೆಯ ಹಿರಿಯರು ಹಿಂದಿನ ದಿನಕ್ಕೆ ಎಣಿಸುತ್ತಾರೆ.

ಸೂರ್ಯನ ವರ್ಷವು 365 ದಿನಗಳ ಮೇಲೆ ಸುಮಾರು ಆರು ಗಂಟೆಗೆ ಸ್ವಲ್ಪ ಕಡಿಮೆ. ಈ ಶೇಷವನ್ನು ತುಂಬಲು ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಗೆ 29ನೆಯ ದಿನವನ್ನು ಸೇರಿಸುತ್ತಾರೆ. ಶತಮಾನದ ವರ್ಷಗಳಲ್ಲಿ 400ರಿಂದ ನಿಶ್ಶೇಷವಾಗಿ ಭಾಗವಾಗುವವಕ್ಕೆ ಮಾತ್ರ ಈ ಹೆಚ್ಚುದಿನವಿದೆ. 2000ಕ್ಕೆ ಇತ್ತು, 1900ಕ್ಕೆ ಇರಲಿಲ್ಲ. ಪ್ರಧಾನಿಗಳಾಗಿದ್ದ ಮೊರಾರ್ಜಿ ದೇಸಾಯಿಯವರು 1896ರ ಫೆಬ್ರವರಿ 29ರಂದು ಜನಿಸಿದರು. ಆ ತಾರೀಖು ಮತ್ತೆ ಬಂದದ್ದು 1904ರಲ್ಲಿ, ಎಂಟು ವರ್ಷಗಳ ಮೇಲೆ.

ಈಗ ಒಂದು ಕುಟುಂಬವನ್ನು ಭಾವಿಸಬಹುದು. 2024ರ ಫೆಬ್ರವರಿ 29ರ ಹಗಲು ಮನೆಯ ಯಜಮಾನರು ಣಮೋಕಾರವನ್ನು ಕೇಳುತ್ತ ಶಾಂತಭಾವದಿಂದ ದೇಹ ಬಿಟ್ಟರು. ಮಕ್ಕಳು ಪ್ರತಿವರ್ಷವೂ ಆ ದಿನ ಏಕಭುಕ್ತಿಯ ನಿಯಮ ಹಿಡಿದರು. 2025ರಲ್ಲಿ ಆ ತಾರೀಖೇ ಇಲ್ಲ. ಹಿರಿಯ ಮಗನು ಫೆಬ್ರವರಿ 28 ಎಂದನು, ಮಗಳು ಮಾರ್ಚ್ 1 ಎಂದಳು. ಕಿರಿಯನು, "ತಾರೀಖು ಬಂದಾಗ ಮಾಡಿದರಾಯಿತು, 2028ರಲ್ಲಿ ಬರುತ್ತದೆ" ಎಂದನು. ಹೀಗೆ ಎಣಿಸಿದರೆ ಹತ್ತು ವರ್ಷದ ನಿಯಮ ಮುಗಿಯಲು ನಲವತ್ತು ವರ್ಷ ಬೇಕು. ತಂದೆಯ ಸ್ಮರಣೆಯಲ್ಲಿ ಕೂಡಬೇಕಾಗಿದ್ದವರು ತಾರೀಖಿನ ವಾದದಲ್ಲಿ ದೂರವಾದರು.

ಇದಕ್ಕೆ ಪರಿಹಾರ ಪಂಚಾಂಗದಲ್ಲಿಯೇ ಇತ್ತು. ಅಂದು ಹಗಲು ಮಾಘ ಬಹುಳ ಪಂಚಮಿ. ಹಿಂದೀ ಪಂಚಾಂಗದಲ್ಲಿ ಅದೇ ದಿನ ಫಾಲ್ಗುಣ ಕೃಷ್ಣ ಪಂಚಮಿ. ಆ ತಿಥಿ ನಾಲ್ಕು ವರ್ಷ ಕಾಯಿಸುವುದಿಲ್ಲ, ವರ್ಷವರ್ಷವೂ ಬರುತ್ತದೆ. ಆದುದರಿಂದ ತಾರೀಖು ಮಾತ್ರ ಗೊತ್ತಿರುವವರು ಆ ವರ್ಷದ ಪಂಚಾಂಗವನ್ನು ಹುಡುಕಿಸಿ ತಿಥಿಯನ್ನು ತಿಳಿದುಕೊಂಡು ಅದನ್ನೇ ಹಿಡಿಯುವುದು ಲೇಸು. ತಾರೀಖನ್ನೇ ಹೇಳಿ ಪ್ರತಿಜ್ಞೆ ಮಾಡಿದ್ದರೆ, 29 ಇಲ್ಲದ ವರ್ಷಗಳಲ್ಲಿ 28ರಂದು ನಡೆಸುವುದು ಯುಕ್ತ. ಇದು ಶಾಸ್ತ್ರದಲ್ಲಿ ಶಬ್ದಶಃ ಬರೆದ ವಿಧಿಯಲ್ಲ. ಕ್ಷಯತಿಥಿಗೆ ಆಚಾರ್ಯರು ತೋರಿದ ನ್ಯಾಯವನ್ನು ಇಲ್ಲಿಗೂ ಅನ್ವಯಿಸಿದ್ದು. ದಿನ ಕಾಣದಿದ್ದಾಗ ವ್ರತವು ಹಿಂದಿನ ದಿನಕ್ಕೆ ಸರಿಯುತ್ತದೆ. ಮುಂದಕ್ಕೆ ಹಾಕಿದ ಒಳ್ಳೆಯ ಕೆಲಸಕ್ಕೆ ಆಯುಷ್ಯದ ಜಾಮೀನು ಯಾರೂ ಕೊಟ್ಟಿಲ್ಲ.

ಇಲ್ಲಿಯೇ ಇನ್ನೊಂದು ಮಾತನ್ನು ನೆನೆಯಬೇಕು. ಗತಿಸಿದ ಜೀವನು ತನ್ನ ಕರ್ಮಾನುಸಾರ ಬೇರೆ ಗತಿಯನ್ನು ಪಡೆದಿರುತ್ತಾನೆ. ಇಲ್ಲಿ ಮಾಡಿದ ಏಕಭುಕ್ತಿ ಆತನ ಹಸಿವನ್ನು ತೀರಿಸುವುದಿಲ್ಲ, ಇಲ್ಲಿಯ ದಿನ ತಪ್ಪಿದರೆ ಆತನಿಗೆ ನೋವೂ ಇಲ್ಲ. ಸ್ಮರಣೆಯ ದಿನವಿರುವುದು ಉಳಿದವರ ಸಲುವಾಗಿ, ಅವರ ಪರಿಣಾಮಶುದ್ಧಿಗಾಗಿ. ಅದೇ ದಿನ ಮನಸ್ತಾಪವನ್ನು ಬೆಳೆಸಿಕೊಂಡರೆ ಔಷಧವನ್ನೇ ವಿಷ ಮಾಡಿಕೊಂಡಂತೆ.

ದೂರದೇಶದಲ್ಲಿರುವವರು

ಅಮೆರಿಕ ಮೊದಲಾದ ದೇಶಗಳಲ್ಲಿ ನೆಲೆಸಿದ ಶ್ರಾವಕರಿಗೆ ಊರಿನ ಪಂಚಾಂಗ ಹಾಗೆಯೇ ಹೊಂದುವುದಿಲ್ಲ. ತಿಥಿ ಮುಗಿಯುವ ಗಳಿಗೆ ಲೋಕಕ್ಕೆಲ್ಲ ಒಂದೇ. ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಬೆಳಿಗ್ಗೆ ಏಳಕ್ಕೆ ತಿಥಿ ಮುಗಿದರೆ ನ್ಯೂಯಾರ್ಕಿನಲ್ಲಿ ಆಗ ಹಿಂದಿನ ದಿನದ ರಾತ್ರಿ ಎಂಟೂವರೆ. ಆದುದರಿಂದ ಅವರು ತಮ್ಮ ಊರಿನ ಸೂರ್ಯೋದಯಕ್ಕೆ ತಿಥಿಯನ್ನು ಗಣಿಸಿಕೊಳ್ಳಬೇಕು. ಪತ್ರಗಳಲ್ಲಿ 4-12 ಎಂದು ಬರೆದರೆ ಇಲ್ಲಿಯವರು ಡಿಸೆಂಬರ್ 4 ಎಂದೂ, ಅಮೆರಿಕದವರು ಏಪ್ರಿಲ್ 12 ಎಂದೂ ಓದುತ್ತಾರೆ. ಉದ್ಯಾಪನೆಯ ಕರೆಯೋಲೆಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು ಜೊತೆಗೆ ತಿಥಿವಾರಗಳನ್ನೂ ನಮೂದಿಸಿದರೆ ಈ ಗೊಂದಲವಿರದು.

ಒಂದೇ ಊರಿನಲ್ಲಿಯೂ ಎರಡು ಪಂಚಾಂಗಗಳ ಗಣಿತ ಬೇರೆಯಾಗಿ, ಒಂದು ಬಸದಿಯಲ್ಲಿ ಇಂದು, ಇನ್ನೊಂದರಲ್ಲಿ ನಾಳೆ ಪರ್ವ ನಡೆಯುವುದುಂಟು. ಆಗ ಶ್ರಾವಕನು ತನ್ನ ಗುರುಗಳು, ತನ್ನ ಸಂಘ ಒಪ್ಪಿದ ನಿರ್ಣಯವನ್ನು ಮೊದಲೇ ತಿಳಿದು ಅದರಂತೆ ನಡೆಯಲಿ. ಈ ವರ್ಷ ಒಂದು, ಮುಂದಿನ ವರ್ಷ ಇನ್ನೊಂದು ಎಂದು ಸುಲಭವಾದುದನ್ನು ಆರಿಸಿಕೊಳ್ಳುವುದು ಬೇಡ. ನಾಳೆ ಆಚರಿಸುವವರನ್ನು ಹೀನವಾಗಿ ಕಾಣುವುದೂ ಬೇಡ. ಅವರ ಗಣಿತದ ಅಪೇಕ್ಷೆಯಿಂದ ಅವರ ದಿನವೂ ಸರಿಯೇ. ಸ್ಯಾದ್ವಾದವನ್ನು ವೇದಿಕೆಯ ಮೇಲೆ ಹೊಗಳಿ ಬಸದಿಯ ಅಂಗಳದಲ್ಲಿ ಮರೆಯುವುದು ಶೋಭೆಯಲ್ಲ.

ಮರೆವು, ಮಾಯೆ, ಶಕ್ತಿ

ಪ್ರೋಷಧೋಪವಾಸವೆಂದರೆ ಪರ್ವದ ಹಿಂದಿನ ದಿನ ಏಕಭುಕ್ತಿ, ಪರ್ವದಂದು ನಾಲ್ಕು ವಿಧದ ಆಹಾರದ ತ್ಯಾಗ, ಮರುದಿನ ಮತ್ತೆ ಏಕಭುಕ್ತಿ. ಉತ್ತಮಕ್ರಮದಲ್ಲಿ ಒಟ್ಟು 16 ಪ್ರಹರ. ಇದಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಕೊನೆಯ ಎರಡು ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಎಂದರೆ ಉದಾಸೀನ ಮತ್ತು ಮರೆವು. ಪರ್ವವೆಂದು ಬರುವುದೆಂಬುದನ್ನು ಮೊದಲೇ ನೋಡಿಕೊಳ್ಳದಿರುವುದು ಈ ಎರಡರ ಬಾಗಿಲನ್ನೂ ತೆರೆಯುತ್ತದೆ. ಇದಕ್ಕಿಂತ ಆಳವಾದುದು ಮಾಯಾಶಲ್ಯ. ಶಲ್ಯವಿಲ್ಲದವನೇ ವ್ರತಿ ಎಂದು ಉಮಾಸ್ವಾಮಿಗಳ ಅಭಿಪ್ರಾಯ. ತಿಥಿ ಗೊತ್ತಿದ್ದೂ ಗೊತ್ತಿಲ್ಲದವನಂತೆ ನಟಿಸುವುದು, ಪಂಚಾಂಗದ ಸಂದೇಹವನ್ನು ಬಾಯಿರುಚಿಗೆ ಸಾಕ್ಷಿಯಾಗಿ ತರುವುದು ಆ ಮುಳ್ಳೇ. ಮರೆವಿಗೆ ಪ್ರತಿಕ್ರಮಣವುಂಟು. ಮಾಯೆಗೆ ಮೊದಲು ಅದನ್ನು ಒಪ್ಪಿಕೊಳ್ಳುವ ಧೈರ್ಯ ಬೇಕು.

ಹಾಗೆಂದು, ಸಂದೇಹ ಬಂದಾಗಲೆಲ್ಲ ಎರಡೆರಡು ದಿನ ಉಪವಾಸ ಮಾಡಲೇಬೇಕೆಂದು ವೃದ್ಧರನ್ನೂ ರೋಗಿಗಳನ್ನೂ ಒತ್ತಾಯಿಸುವುದು ಧರ್ಮವಲ್ಲ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳೆರಡಕ್ಕೂ ಶಕ್ತ್ಯನುಸಾರವೆಂಬ ವಿಶೇಷಣವನ್ನು ಸೇರಿಸಿರುವುದು ಸುಮ್ಮನೆ ಅಲ್ಲ. ಸಕ್ಕರೆಕಾಯಿಲೆಯಂಥ ರೋಗವಿರುವವರು ವೈದ್ಯರ ಮಾತನ್ನು ಕೇಳಿ, ಗುರುಗಳಲ್ಲಿ ನಿವೇದಿಸಿಕೊಂಡು, ಉಪವಾಸದ ಬದಲು ಏಕಭುಕ್ತಿ ಅಥವಾ ರಸತ್ಯಾಗವನ್ನು ವ್ರತ ಕೈಕೊಳ್ಳುವಾಗಲೇ ಗೊತ್ತುಮಾಡಿಕೊಳ್ಳಲಿ. ಕ್ಷಯ ಬಂದರೆ ಏನು, ವೃದ್ಧಿ ಬಂದರೆ ಏನು, ಅಧಿಕಮಾಸ ಬಂದರೆ ಏನು ಎಂಬುದನ್ನೂ ಅಂದೇ ಕೇಳಿ ತಿಳಿದಿರಲಿ. ಹೊಟ್ಟೆ ತುಂಬಿರುವಾಗ ಮಾಡಿದ ನಿರ್ಣಯ ಹಸಿದಾಗ ಕಾಯುತ್ತದೆ. ಹಸಿದಾಗ ಮಾಡಿದ ನಿರ್ಣಯ ಹಸಿವಿನ ಪರವಾಗಿಯೇ ಇರುತ್ತದೆ.

ಆ ವೃದ್ಧಶ್ರಾವಿಕೆಯ ಮನೆಯಲ್ಲಿ ಅಂದು ಮುಂದೇನಾಯಿತು? ಎಲೆಯ ಅನ್ನ ಹಾಳಾಗಲಿಲ್ಲ, ಅದಿನ್ನೂ ಮುಟ್ಟದ ಅನ್ನ. ಸಂಜೆ ಅವಳು ಮೊಮ್ಮಗನ ಕೈಹಿಡಿದು ಬಸದಿಗೆ ಹೋಗಿ, ಧಾರಣೆ ತಪ್ಪಿದುದನ್ನು ಪಂಡಿತರಲ್ಲಿ ಹೇಳಿಕೊಂಡಳು. ಅವರು, "ತಾಯೀ, ಮರೆವಿಗೆ ಪ್ರತಿಕ್ರಮಣ ಮಾಡಿ, ನಾಳೆ ಏಕಭುಕ್ತಿಯಿಂದ ಪಾರಣೆ ಮಾಡಿ. ಇನ್ನು ಮೇಲೆ ಪ್ರತಿ ಪಾಡ್ಯದಂದು ಮುಂದಿನ ಹದಿನೈದು ದಿನಗಳ ಪರ್ವವನ್ನು ಮನೆಯವರೆಲ್ಲ ಕೂಡಿ ನೋಡಿಕೊಳ್ಳಿ" ಎಂದರು. ಮಗನು ತಾನೇ ಒಂದು ಪಂಚಾಂಗವನ್ನು ತಂದು ತಿಥಿ ಮುಗಿಯುವ ಘಳಿಗೆಗಳಿಗೆ ಗೆರೆ ಎಳೆದಿಟ್ಟನು. ಊಟ ಮಾಡಿರೆಂದು ತಾಯಿಯನ್ನು ಬೇಡಿದ್ದವನು ಮುಂದಿನ ಅಷ್ಟಮಿಯಿಂದ ತಾನೂ ಏಕಭುಕ್ತಿಯನ್ನು ಹಿಡಿದನು. ಅಂದು ಆ ತಾಯಿ ಉಂಡಿದ್ದರೆ ಒಂದು ಹೊತ್ತಿನ ಹಸಿವು ತೀರುತ್ತಿತ್ತು. ಉಣ್ಣದೆ ಎದ್ದುದರಿಂದ ಒಂದು ಮನೆಯ ವ್ರತ ಇನ್ನೊಂದು ತಲೆಮಾರಿಗೆ ದಾಟಿತು.

ಸೂರ್ಯಚಂದ್ರರ ಗತಿಯಿರುವವರೆಗೆ ತಿಥಿಗಳು ಕ್ಷಯವಾಗುತ್ತಲೂ ವೃದ್ಧಿಯಾಗುತ್ತಲೂ ಇರುತ್ತವೆ, ತಾರೀಖುಗಳು ಬರುತ್ತಲೂ ತಪ್ಪುತ್ತಲೂ ಇರುತ್ತವೆ. ವ್ರತಿಕನು ಮಾತ್ರ ತನ್ನ ಮಾತಿನಲ್ಲಿ ತಪ್ಪದಿರಲಿ. ಸಮಸ್ತ ಶ್ರಾವಕ-ಶ್ರಾವಿಕೆಯರಿಗೆ ವ್ರತದೃಢತೆಯೂ ಪರಿಣಾಮಶುದ್ಧಿಯೂ ಉಂಟಾಗಲಿ, ಸದ್ಧರ್ಮವೃದ್ಧಿಯಾಗಲಿ.